ಹಾಲಿನ ಗಾಡಿಯ ಕಚ್ಚಿಕೊಂಡ ಶಾಫ್ಟು

ಕಚ್ಚಿಕೊಂಡ ಶಾಫ್ಟಿಗೆ ಸುತ್ತಿಗೆ ಎತ್ತುವ ಮೊದಲು ಒಂದು ಲೋಟ ನೀರು ಕುಡಿಯಿರಿ. ಮೆಕ್ಯಾನಿಕ್ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ನಿಮಗೆ ನಾನು ಹೇಳುವ ಮೊದಲ ಮಾತು ಇದೇ. ನೀರು ಕುಡಿದರೆ ಶಾಫ್ಟು ಸಡಿಲವಾಗುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಲೋಟ ಹಿಡಿಯಬೇಕಾದರೆ ಸುತ್ತಿಗೆ ಕೆಳಗಿಡಲೇಬೇಕು. ನಾನು ಮೊದಲಿನಿಂದಲೂ ಮುಂಗೋಪಿ. ನನ್ನ ಹೆಂಡತಿ ರತ್ನಮ್ಮನನ್ನು ಕೇಳಿದರೆ ಇದನ್ನು ಇನ್ನೂ ವಿವರವಾಗಿ ಹೇಳುತ್ತಾಳೆ.

ಖಾಸಗಿ ಬಸ್ಸುಗಳ ಒಂದು ಕಂಪನಿಯಲ್ಲಿ ನಾನು ದುಡಿದೆ. ಹೆಸರು ಬೇಡ, ಈಗ ಆ ಕಂಪನಿಯೇ ಇಲ್ಲ. ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಮೂರು ಕಡೆ ಅವರ ಶೆಡ್ಡುಗಳಿದ್ದವು. ಮೂರರಲ್ಲೂ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ ಬಸ್ಸುಗಳ ಹೊಟ್ಟೆ ನೋಡಿದ್ದೇನೆ. ನಾನು ಯಾವಾಗ ಮೆಕ್ಯಾನಿಕ್ ಆದೆ, ಯಾವಾಗ ಹೆಡ್ ಮೆಕ್ಯಾನಿಕ್ ಆದೆ ಎಂಬುದು ನಿಮಗೆ ಉಪಯೋಗಕ್ಕೆ ಬಾರದ ವಿಷಯ. ಮಾಡಿದ ತಪ್ಪುಗಳನ್ನು ಹೇಳುತ್ತೇನೆ, ಅವು ಉಪಯೋಗಕ್ಕೆ ಬರುತ್ತವೆ.

ಮೊದಲು ಶಾಫ್ಟು ಎಂದರೇನು ಎಂದು ಹೇಳಿಬಿಡುತ್ತೇನೆ, ಗೊತ್ತಿಲ್ಲದವರೂ ಓದುತ್ತಿರಬಹುದು. ಮುಂದಿರುವ ಗೇರುಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುವ ಬಲವನ್ನು ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆ ಅದು. ಗಾಡಿ ಹಳ್ಳ ದಿಣ್ಣೆ ಹತ್ತಿ ಇಳಿಯುವಾಗ ಹಿಂದಿನ ಅಚ್ಚು ಮೇಲೆ ಕೆಳಗೆ ಆಡುತ್ತದೆ. ಅದಕ್ಕೆ ತಕ್ಕಂತೆ ಶಾಫ್ಟು ಉದ್ದವಾಗಬೇಕು, ಗಿಡ್ಡವಾಗಬೇಕು. ಹಾಗಾಗಿ ಅದು ಎರಡು ತುಂಡಿನಲ್ಲಿರುತ್ತದೆ. ಹಲ್ಲುಗಳಿರುವ ದಂಡವೊಂದು ಒಳಮೈಯಲ್ಲಿ ಹಲ್ಲುಗಳಿರುವ, ತೋಳು ಎನ್ನುವ ಕೊಳವೆಯೊಳಗೆ ಗ್ರೀಸಿನಲ್ಲಿ ಜಾರುತ್ತಿರುತ್ತದೆ. ಎರಡು ತುದಿಯಲ್ಲಿ ಕ್ರಾಸು ಎನ್ನುವ ಕೀಲುಗಳು. ಗ್ರೀಸು ಒಣಗಿ ತುಕ್ಕು ಹಿಡಿದರೆ ದಂಡ ತೋಳಿನೊಳಗೇ ಕಚ್ಚಿಕೊಳ್ಳುತ್ತದೆ. ಆಮೇಲೆ ಸುತ್ತಮುತ್ತ ಏನಾದರೊಂದು ಮುರಿಯುವುದು ಖಂಡಿತ.

ಶ್ರೀರಂಗಪಟ್ಟಣದ ಶೆಡ್ಡಿನಲ್ಲಿ ನನ್ನ ಫೋರ್‌ಮನ್ ಖಾದರ್ ಸಾಬರು. ಗಂಜಾಂನವರು, ಎತ್ತರದ ಆಳು, ಮಾತು ಕಮ್ಮಿ. ಕೆಲಸದ ಬೆಂಚಿನ ಪಕ್ಕದಲ್ಲಿ ಒಂದು ಮಣ್ಣಿನ ಹೂಜಿ ಇಟ್ಟಿರುತ್ತಿದ್ದರು. ನಾನು ಸೇರಿದ ಎರಡನೆಯ ತಿಂಗಳು ಒಂದು ಶಾಫ್ಟು ಕಚ್ಚಿಕೊಂಡಿತ್ತು. ಅವರು ನಮಾಜಿಗೆ ಹೋಗಿದ್ದರು. ಬರುವಷ್ಟರಲ್ಲಿ ಬಿಚ್ಚಿ ತೋರಿಸಿ ಶಭಾಷ್ ಎನ್ನಿಸಿಕೊಳ್ಳಬೇಕೆಂದು ದೊಡ್ಡ ಸುತ್ತಿಗೆ ತೆಗೆದುಕೊಂಡು ದಂಡದ ತುದಿಗೆ ಬಾರಿಸಿದೆ. ಅದು ಜಗ್ಗಲಿಲ್ಲ. ನನಗೆ ಸಿಟ್ಟು ಬಂತು. ಇನ್ನೂ ಬಾರಿಸಿದೆ. ಅವರು ಬಂದಾಗ ದಂಡದ ತುದಿ ಅಣಬೆಯ ಹಾಗೆ ಅರಳಿ ನಿಂತಿತ್ತು. ಇನ್ನು ಅದು ತೋಳಿನೊಳಗಿಂದ ಈಚೆ ಬರುವ ಹಾಗೇ ಇರಲಿಲ್ಲ.

ಸಾಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಯಾಕೆ ಆಚಾರಿ, ಈ ಶಾಫ್ಟು ನಿಮ್ಮಪ್ಪಂಗೆ ಏನಾದ್ರೂ ಬೈದಿತ್ತಾ?" ಎಂದರು.

"ಇಲ್ಲ ಸಾಬ್."

"ನಿಮ್ಮಪ್ಪ ಕುಲುಮೇಲಿ ಹಿಂಗೇ ಹೊಡೀತಾರಾ?"

"ನಮ್ಮಪ್ಪ ಕಾಯ್ಸಿ ಹೊಡೀತಾರೆ ಸಾಬ್," ಎಂದೆ. ಶೆಡ್ಡಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸಾಬರು ನಗಲಿಲ್ಲ. ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟು, "ಪಹಲೇ ಪಾನಿ. ಆಮೇಲೆ ಹೊಡಿ," ಎಂದರು. ಆಮೇಲೆ ಒಂದು ಅರ ಕೊಟ್ಟು ಕೂರಿಸಿದರು. ಆ ಅಣಬೆಯನ್ನು ಉಜ್ಜಿ ಉಜ್ಜಿ ಸಮ ಮಾಡಲು ನನಗೆ ಎರಡು ದಿನ ಹಿಡಿಯಿತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಮೇಲಿನವರಿಗೆ ಅವರು ದೂರು ಕೊಡಲಿಲ್ಲ. ಇವತ್ತಿಗೂ ಅವರನ್ನು ನೆನೆದರೆ ಕಣ್ಣು ತುಂಬುತ್ತದೆ.

ಆ ನಗುವಿನಿಂದ ಇನ್ನೊಂದು ಕೆಲಸವೂ ಆಯಿತು. ನಮ್ಮದು ಹೊಣಕೆರೆಯ ಕಮ್ಮಾರರ ಮನೆ. ನೇಗಿಲ ಕುಳ, ಕುಡುಗೋಲು, ಗಾಡಿ ಪಟ್ಟಾ ನಮ್ಮಪ್ಪನ ಕೆಲಸ. ಅವತ್ತಿನಿಂದ ನಾನು ಕುಲುಮೆಯ ಮಾತನ್ನು ಶೆಡ್ಡಿನಲ್ಲಿ ಎತ್ತಲೇ ಇಲ್ಲ. ಯಾರಾದರೂ ಕೇಳಿದರೆ ನಮ್ಮಪ್ಪ ವ್ಯವಸಾಯ ಮಾಡುತ್ತಾರೆ ಎನ್ನುತ್ತಿದ್ದೆ. ನನಗೆ ಮೆಕ್ಯಾನಿಕ್ ಎನ್ನಿಸಿಕೊಳ್ಳಬೇಕಿತ್ತು, ಕಮ್ಮಾರನ ಮಗ ಎನ್ನಿಸಿಕೊಳ್ಳುವುದು ಬೇಕಿರಲಿಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಇದ್ದದ್ದು ಇದ್ದ ಹಾಗೆ ಬರೆಯಬೇಕಲ್ಲ.

ಎರಡನೆಯ ತಪ್ಪು ನಾಗಮಂಗಲದ್ದು. ಶಾಫ್ಟನ್ನು ಎರಡು ತುಂಡು ಮಾಡುವ ಮೊದಲು ಯಾವ ಹಲ್ಲು ಯಾವ ಹಲ್ಲಿಗೆ ಕೂತಿತ್ತು ಎಂದು ಎರಡರ ಮೇಲೂ ಗುರುತು ಹಾಕಬೇಕು. ವಾಪಸು ಜೋಡಿಸುವಾಗ ಎರಡೂ ತುದಿಯ ಕೀಲುಗಳು ಒಂದೇ ನೇರಕ್ಕೆ ಬರದಿದ್ದರೆ ಗಾಡಿಯೇ ನಡುಗುತ್ತದೆ. ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಆಮೇಲೆ ನಾನೇ ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದೆ. ಗುರುತೂ ತೊಳೆದುಹೋಯಿತು. ಕಣ್ಣಂದಾಜಿನಲ್ಲಿ ಜೋಡಿಸಿ ಬಸ್ಸನ್ನು ಕೆ.ಆರ್. ಪೇಟೆಗೆ ಬಿಟ್ಟೆ.

ಸಂಜೆ ಆ ಬಸ್ಸಿನ ಡ್ರೈವರು ಸೀದಾ ನನ್ನ ಹತ್ತಿರ ಬಂದ. "ಲೇ ಆಚಾರಿ, ಏನ್ ಮಾಡ್ಬುಟ್ಟೆ ಕಣ್ಲಾ? ಜನ ಇಲ್ಲಿಂದ ಪ್ಯಾಟೆಗಂಟ ತಲೆ ಆಡುಸ್ಕಂಡೇ ಬಂದವ್ರೆ. ಒಬ್ಬ ಅಜ್ಜಿ ಬಾಯಿಗೆ ಅಂತ ಇಟ್ಕಂಡಿದ್ದ ಎಲೆಅಡ್ಕೆ ಮೂಗಿಗೆ ಓಗ್ಯದೆ," ಎಂದ. ಪ್ರಯಾಣಿಕರು ರಸ್ತೆ ಕೆಟ್ಟಿದೆ ಎಂದುಕೊಂಡು ಸರ್ಕಾರವನ್ನು ಬೈದುಕೊಂಡು ಇಳಿದು ಹೋದರಂತೆ. ಅಲ್ಲಿದ್ದ ಇಂಜಿನಿಯರು ಸಾಹೇಬರು ನನಗೆ ಮೆಮೊ ಕೊಟ್ಟರು. ಅದರಲ್ಲಿ 'ನಿರ್ಲಕ್ಷ್ಯ' ಎಂದು ಬರೆದಿದ್ದರು. ನಿರ್ಲಕ್ಷ್ಯವಲ್ಲ ಸಾರ್, ದಡ್ಡತನ ಎಂದು ನಾನು ತಿದ್ದಲು ಹೋಗಿ ಇನ್ನೊಂದು ಮೆಮೊ ತೆಗೆದುಕೊಂಡೆ. ನೀವು ಗುರುತನ್ನು ಪಂಚಿನಲ್ಲಿ ಹಾಕಿ. ಸೀಮೆಸುಣ್ಣವನ್ನು ಶಾಲೆಗೆ ಬಿಡಿ.

ಕೆ.ಆರ್. ಪೇಟೆಗೆ ಬರುವ ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ಗಾಳಿಯಲ್ಲಿ ಓಡುವ ಸ್ಪ್ಯಾನರು ಬಂತು, ಅರ್ಧ ಗಂಟೆಯ ಕೆಲಸ ಎರಡು ನಿಮಿಷಕ್ಕೆ ಇಳಿಯಿತು. ಅದನ್ನು ನಾನು ದೂರುವುದಿಲ್ಲ, ನನ್ನ ಭುಜ ಇವತ್ತು ನೆಟ್ಟಗಿದ್ದರೆ ಅದರ ಪುಣ್ಯ. ಆದರೆ ಬಿಚ್ಚುವುದೇ ನಿಂತಿತು. ಶಾಫ್ಟು ಕಚ್ಚಿಕೊಂಡರೆ ಇಡೀ ಶಾಫ್ಟು ಬಿಸಾಕು, ಹೊಸದು ಹಾಕು. ಹೊಸ ಹುಡುಗರು ಪಟ್ಟಿ ನೋಡಿ ನಂಬರು ಹೇಳುತ್ತಿದ್ದರು, ಡಬ್ಬ ಬರುತ್ತಿತ್ತು. ನಾನು ಬೆಂಚಿನ ಮೇಲೆ ಕೂತು ಏನನ್ನಾದರೂ ಬಿಡಿಸುತ್ತಿದ್ದರೆ, "ಅಣ್ಣ, ಬುಡಣ್ಣ, ಬೇರೇದು ಬತ್ತದೆ," ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೂ ನನಗೆ ಒಳಗೇ ಉರಿಯುತ್ತಿತ್ತು.

ಇನ್ನೊಂದು ಮಾತು. ಅಷ್ಟು ವರ್ಷದಲ್ಲಿ ನಾನು ರಿಪೇರಿ ಮಾಡಿದ ಬಸ್ಸಿನಲ್ಲಿ ಯಾರು ಹತ್ತಿದರು, ಎಲ್ಲಿಗೆ ಹೋದರು ಎಂದು ನನಗೆ ಗೊತ್ತೇ ಆಗಲಿಲ್ಲ. ಬಸ್ಸು ಶೆಡ್ಡಿಗೆ ಖಾಲಿ ಬರುತ್ತಿತ್ತು, ಖಾಲಿ ಹೋಗುತ್ತಿತ್ತು. ನನಗೆ ಅದು ನಂಬರು ಮಾತ್ರ.

ನಿವೃತ್ತಿಯಾದ ಮೇಲೆ ಪಾಂಡವಪುರದಲ್ಲಿ, ರತ್ನಮ್ಮನ ತೌರಿನ ಕಡೆಯಿಂದ ಬಂದ ಜಾಗದಲ್ಲಿ ಮನೆ ಕಟ್ಟಿಕೊಂಡೆವು. ಹಿತ್ತಿಲಲ್ಲಿ ತಗಡು ಹೊದಿಸಿ ಒಂದು ಶೆಡ್ಡು ಮಾಡಿಕೊಂಡೆ. ಅಪ್ಪ ತೀರಿಕೊಂಡ ಮೇಲೆ ಹೊಣಕೆರೆಯಿಂದ ಅವರು ಕಬ್ಬಿಣ ಬಡಿಯುತ್ತಿದ್ದ ಅಡಿಗಲ್ಲು, ಕುಲುಮೆಗೆ ಗಾಳಿ ಊದಲು ಕೈಯಲ್ಲಿ ತಿರುಗಿಸುವ ಬೀಸಣಿಗೆ ಯಂತ್ರ, ಇಕ್ಕಳಗಳು ನನ್ನ ಪಾಲಿಗೆ ಬಂದಿದ್ದವು. ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಮೂಲೆಗಿಟ್ಟಿದ್ದೆ. ಅಡಿಗಲ್ಲಿನ ಮೇಲೆ ರತ್ನಮ್ಮ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಅದಕ್ಕೆ ಅದರಷ್ಟು ಒಳ್ಳೆಯ ಕಲ್ಲಿಲ್ಲ ಎನ್ನುವುದು ಅವಳ ಅಭಿಪ್ರಾಯ.

ಒಂದು ಶುಕ್ರವಾರ ಬೆಳಿಗ್ಗೆ ಟ್ರಾಕ್ಟರೊಂದು ಚಿಕ್ಕ ಸರಕಿನ ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದು ನಮ್ಮ ಮನೆ ಮುಂದೆ ನಿಲ್ಲಿಸಿತು. ಗಾಡಿಯ ಸ್ಟಿಯರಿಂಗ್ ಹಿಡಿದು ಕೂತಿದ್ದವಳು ನಲವತ್ತರ ಹತ್ತಿರದ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು ಇಳಿದು ಬಂದಳು.

"ಆಚಾರ್ರೆ, ನನ್ ಎಸ್ರು ಸಾವಿತ್ರಿ. ಆಲಿನ್ ಗಾಡಿ ಓಡುಸ್ತೀನಿ. ನಾಕ್ ತಿಂಗ್ಳಲ್ಲಿ ಮೂರ್ ಕಿತ ಕ್ರಾಸು ಮುರೀತು. ನೋಡ್ದೋರೆಲ್ಲ ಎಂಗಸ್ರಿಗೆ ಕ್ಲಚ್ ಬುಡಕೆ ಬರಾಕಿಲ್ಲ ಅಂತಾರೆ. ನೀವೂ ಅಂಗೇ ಅನ್ನಂಗಿದ್ರೆ ಈಗ್ಲೇ ಅಂದ್ಬುಡಿ, ಟ್ರಾಕ್ಟರು ಇನ್ನೂ ಓಗಿಲ್ಲ."

ನಿಜ ಹೇಳಬೇಕೆಂದರೆ ನಾನು ಮನಸ್ಸಿನಲ್ಲಿ ಅಂದುಕೊಂಡದ್ದೂ ಅದನ್ನೇ. ಕ್ಲಚ್ಚನ್ನು ಧಡಕ್ಕನೆ ಬಿಟ್ಟರೆ ಕ್ರಾಸು ಮುರಿಯುತ್ತದೆ, ನೂರು ಸಲ ನೋಡಿದ್ದೇನೆ. "ಕ್ಲಚ್ ಎಂಗ್ ಬುಡ್ತೀಯ, ತೋರ್ಸು," ಎಂದೆ. ಅವಳು ಸೀಟಿನಲ್ಲಿ ಕೂತು, ಕಾಲಿಟ್ಟು, ಬಿಟ್ಟು ತೋರಿಸಿದಳು. ನಮ್ಮ ಕಂಪನಿಯ ಅರ್ಧ ಡ್ರೈವರುಗಳಿಗೆ ಅಷ್ಟು ಮೆತ್ತಗಿನ ಕಾಲು ಇರಲಿಲ್ಲ.

ಗಾಡಿಯ ಕೆಳಗೆ ನುಗ್ಗಿದೆ. ಅಷ್ಟು ಶುಚಿಯಾದ ಗಾಡಿಯ ಹೊಟ್ಟೆಯನ್ನು ನಾನು ನನ್ನ ಆಯುಷ್ಯದಲ್ಲೇ ನೋಡಿರಲಿಲ್ಲ. ಕೆಸರಿಲ್ಲ, ಎಣ್ಣೆ ಜಿಡ್ಡಿಲ್ಲ, ಎಲ್ಲದಕ್ಕೂ ಬೆಳ್ಳಿ ಬಣ್ಣ. ಪ್ರತಿ ವರ್ಷ ಆಯುಧಪೂಜೆಗೆ ಅವಳೇ ಬ್ರಷ್ ಹಿಡಿದು ಬಳಿಯುತ್ತಾಳಂತೆ. ಶಾಫ್ಟು ಬಿಚ್ಚಿ ಹೊರಗೆ ತಂದು ಎಳೆದು ನೋಡಿದೆ. ದಂಡ ತೋಳಿನೊಳಗೆ ಕೂದಲೆಳೆಯಷ್ಟೂ ಜಾರಲಿಲ್ಲ. ಗ್ರೀಸು ತುಂಬುವ ಮೂತಿ ಎಲ್ಲಿ ಎಂದು ಹುಡುಕಿದರೆ ಅದು ವರ್ಷ ವರ್ಷದ ಬೆಳ್ಳಿ ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿತ್ತು. ಮೇಲಕ್ಕೆ ನೋಡಿದೆ. ಶಾಫ್ಟಿನ ಆ ಜಾಗದ ನೆತ್ತಿಗೆ ಸರಿಯಾಗಿ ಗಾಡಿಯ ಹಲಗೆಯಲ್ಲಿ ನೀರು ಹೋಗಲು ಒಂದು ತೂತು.

"ಕ್ಯಾನು ಇಳುಸಿದ್ ಮ್ಯಾಲೆ ಏನ್ ಮಾಡ್ತೀಯವ್ವ?" ಎಂದು ಕೆಳಗಿನಿಂದಲೇ ಕೇಳಿದೆ.

"ಗಾಡಿ ತೊಳೀತೀನಿ. ಕುದಿಯೋ ನೀರು, ಸೋಡಾಪುಡಿ. ಎರಡೊತ್ತೂವೆ. ಆಲಿನ್ ಗಾಡಿ ನಾತ ಒಡುದ್ರೆ ಯಾರ್ ಆಲು ಆಕ್ತಾರೆ?"

ಅರ್ಥವಾಯಿತು. ಹಾಲಿನ ಹುಳಿ, ಸೋಡಾ, ಕುದಿಯುವ ನೀರು ಎಲ್ಲ ಸೇರಿ ದಿನಕ್ಕೆ ಎರಡು ಸಲ ಅದೇ ಜಾಗದ ಮೇಲೆ. ಇದ್ದ ಗ್ರೀಸು ತೊಳೆದುಹೋಗಿದೆ, ಹೊಸ ಗ್ರೀಸು ಒಳಗೆ ಹೋಗಿಲ್ಲ. ಶಾಫ್ಟು ಜಾರದೆ ನೆಟ್ಟಗೆ ನಿಂತಿದ್ದರಿಂದ ಪ್ರತಿ ದಿಣ್ಣೆಯ ಪೆಟ್ಟೂ ಕ್ರಾಸಿಗೆ ಬಿದ್ದಿದೆ. ಹಿಂದಿನ ಎರಡು ಸಲ ಇಬ್ಬರು ಕ್ರಾಸು ಬದಲಾಯಿಸಿ ಕಳಿಸಿದ್ದರು, ಯಾರೂ ಇದನ್ನು ಎಳೆದು ನೋಡಿರಲಿಲ್ಲ.

ಈಚೆ ಬಂದು ಹೇಳಿದೆ. "ನಿನ್ ಕಾಲು ಸರಿಯಾಗೈತೆ ಕಣವ್ವ. ತಪ್ಪೇನಿದ್ರೂ ನಿನ್ ಬಕೆಟ್ಟಿಂದು. ನಾನೂ ಮೊದ್ಲು ನಿನ್ ಕಾಲ್ನೇ ಅನುಮಾನ ಪಟ್ಟೆ, ತಪ್ಪಾಯ್ತು."

ಸಾವಿತ್ರಿ ಅಡಿಗಲ್ಲಿನ ಮೇಲೆ ಕೂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾಕ್ ತಿಂಗ್ಳಿಂದ ಎಲ್ರೂ ಅಂದೂ ಅಂದೂ ನಂಗೇ ಅನುಮಾನ ಬಂದ್ಬುಟ್ಟಿತ್ತು," ಎಂದಳು.

ಆಮೇಲೆ ರತ್ನಮ್ಮ ಕೊಟ್ಟ ಕಾಫಿ ಕುಡಿಯುತ್ತ ಸಂಗತಿ ಹೇಳಿದಳು. ಅವಳದು ಐದು ಕೊಪ್ಪಲುಗಳ ರೂಟು. ಸ್ವಂತ ಡೇರಿ ಇಲ್ಲದ ಸಣ್ಣ ಸಣ್ಣ ಊರುಗಳು. ಬೆಳಿಗ್ಗೆ ಸಂಜೆ ಅಲ್ಲಿನ ಹಾಲನ್ನೆಲ್ಲ ಕ್ಯಾನಿನಲ್ಲಿ ಎತ್ತಿಕೊಂಡು ಹೋಗಿ ಶೀತಲ ಕೇಂದ್ರಕ್ಕೆ ಮುಟ್ಟಿಸಬೇಕು. ಗಂಡ ಹಸು ನೋಡಿಕೊಳ್ಳುತ್ತಾನೆ, ಗಾಡಿ ಎಂದರೆ ಅವನಿಗೆ ಭಯ. ಆರು ವರ್ಷ ಅವಳು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಈ ನಾಲ್ಕು ತಿಂಗಳಲ್ಲಿ ಮೂರು ಸಲ ದಾರಿಯಲ್ಲಿ ನಿಂತದ್ದರಿಂದ ಹಾಲು ಒಡೆದಿತ್ತು. ಹಾಲಿನ ಸಂಘದ ಕಾರ್ಯದರ್ಶಿ ಖಡಾಖಂಡಿತವಾಗಿ ಹೇಳಿದ್ದ. ಭಾನುವಾರ ಸಂಜೆಯ ಹಾಲಿನವರೆಗೆ ಬೇರೆಯವನ ಗಾಡಿ ಓಡುತ್ತದೆ. ಆ ಸಂಜೆ ಇವಳ ಗಾಡಿ ಬಂದರೆ ಸರಿ, ಬರದಿದ್ದರೆ ರೂಟು ಅವನಿಗೇ ಖಾಯಂ.

ಮಂಡ್ಯ, ಮೈಸೂರಿನ ಬಿಡಿಭಾಗದ ಅಂಗಡಿಗಳಿಗೆ ಫೋನು ಮಾಡಿದೆ. ಅದು ಹಳೆಯ ಮಾಡೆಲ್ಲು. ಕ್ರಾಸು ಸಿಕ್ಕಿತು, ಶಾಫ್ಟು ಸಿಗಲಿಲ್ಲ. ತರಿಸಬೇಕೆಂದರೆ ಹತ್ತು ದಿನ ಎಂದರು. ಹಾಗಾಗಿ ಇದನ್ನೇ ಬಿಡಿಸಬೇಕಿತ್ತು, ಅದೂ ಒಂದು ಏಟೂ ತಿನ್ನಿಸದೆ.

ಶುಕ್ರವಾರ ಪಂಚಿನಲ್ಲಿ ಗುರುತು ಹಾಕಿ, ಬಣ್ಣ ಕೆರೆದು, ಶಾಫ್ಟನ್ನು ಬೇವಿನ ಮರಕ್ಕೆ ನೆಟ್ಟಗೆ ನಿಲ್ಲಿಸಿ ಕಟ್ಟಿ, ಸಂದಿಗೆ ಹೊತ್ತು ಹೊತ್ತಿಗೆ ಡೀಸೆಲ್ ಬಿಟ್ಟೆ. ಶನಿವಾರ ಒಂದು ತುದಿಯನ್ನು ಮರಕ್ಕೆ ಸರಪಳಿಯಲ್ಲಿ ಬಿಗಿದು, ಇನ್ನೊಂದು ತುದಿಯನ್ನು ಜ್ಯಾಕಿನಿಂದ ಎಳೆಸಿದೆ. ಸಾವಿತ್ರಿ ಜ್ಯಾಕು ತಿರುಗಿಸಿದಳು. ಮರ ಕಿರುಗುಟ್ಟಿತು. ಸರಪಳಿ ಬಿಗಿಯಾಯಿತು, ಬಿಗಿಯಾಯಿತು, ಕೊನೆಗೆ ಒಂದು ಕೊಂಡಿ ಬಾಯಿ ಬಿಟ್ಟು ಕಳಚಿ ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಶಾಫ್ಟು ಮಾತ್ರ ಹಾಗೇ ಇತ್ತು.

ಹೆದರಿದ್ದೆ. ನನಗೆ ಹೆದರಿಕೆ ಸಿಟ್ಟಾಗಿಯೇ ಬರುವುದು. ಸೀದಾ ಹೋಗಿ ದೊಡ್ಡ ಸುತ್ತಿಗೆ ಎತ್ತಿದೆ. ಖಾದರ್ ಸಾಬರೂ ಇಲ್ಲ, ಅವರ ಹೂಜಿಯೂ ಇಲ್ಲ. ಅಷ್ಟು ವರ್ಷದ ಅನುಭವ ಒಂದು ಗಳಿಗೆಯಲ್ಲಿ ಮಣ್ಣುಪಾಲು. ಸಾವಿತ್ರಿ ಬಂದು ಶಾಫ್ಟಿನ ತುದಿಯ ಮೇಲೆ ಅಂಗೈ ಇಟ್ಟಳು.

"ಆಚಾರ್ರೆ, ಇದು ಕೆಟ್ಟೋದ್ರೆ ಬೇರೆ ಸಿಕ್ಕಲ್ಲ ಅಂದೋರು ನೀವೇಯ."

ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. ಕೈ ಮಾತ್ರ ತೆಗೆಯಲಿಲ್ಲ. ನಾನು ಸುತ್ತಿಗೆ ಕೆಳಗಿಟ್ಟು ಒಳಗೆ ಹೋಗಿ ನೀರು ಕುಡಿದು ಬಂದೆ.

"ಇನ್ನೇನ್ ಮಾಡೋದು?" ಎಂದು ಅವಳು ಕೇಳಿದಳು.

"ನಂಗ್ ಗೊತ್ತಿಲ್ಲ," ಎಂದೆ. ಅಷ್ಟು ವರ್ಷದ ಕೆಲಸದಲ್ಲಿ ಆ ಮಾತನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ರತ್ನಮ್ಮ ಅಲ್ಲೇ ಅಡಿಗಲ್ಲಿನ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು. "ನಿಮ್ಮಪ್ಪಾರು ಇದ್ದಿದ್ರೆ ಏನ್ ಮಾಡೋರು?"

"ನಮ್ಮಪ್ಪಂಗೆ ಶಾಫ್ಟು ಏನ್ ಗೊತ್ತು? ಅವ್ರು ಎತ್ತಿನ್ ಗಾಡಿ ಮಾಡ್ದೋರು."

"ಎತ್ತಿನ್ ಗಾಡಿ ಅಚ್ಚು ಕಚ್ಕಂತಿರ್ನಿಲ್ವಾ?"

ಉರಿದುಹೋಯಿತು. ಎದ್ದು ಹೋಗಿ ಬೀದಿ ಬಾಗಿಲಲ್ಲಿ ನಿಂತೆ. ಅಲ್ಲಿ ನಿಂತಾಗಲೇ ನೆನಪಾಯಿತು. ಕಚ್ಚುತ್ತಿತ್ತು. ಮಳೆಗಾಲ ಕಳೆದು ಸುಗ್ಗಿಗೆ ಗಾಡಿ ಹೂಡುವಾಗ ಚಕ್ರದ ಗುಂಬದೊಳಗೆ ಅಚ್ಚು ತುಕ್ಕು ಹಿಡಿದು ಕೂತಿರುತ್ತಿತ್ತು. ಅಪ್ಪ ಯಾವತ್ತೂ ಬಡಿಯುತ್ತಿರಲಿಲ್ಲ. ಹೊರಗಿನ ಕಬ್ಬಿಣವನ್ನು ಮಾತ್ರ ಹದವಾಗಿ ಕಾಯಿಸಿ, ಸಂದಿಗೆ ಜೇನುಮೇಣ ಮುಟ್ಟಿಸುತ್ತಿದ್ದರು. ಕಾದ ಕಬ್ಬಿಣ ಮೇಣವನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಎಣ್ಣೆ ಹೋಗದ ಕಡೆ ಮೇಣ ಹೋಗುತ್ತದೆ ಎನ್ನುತ್ತಿದ್ದರು. ಇಷ್ಟು ವರ್ಷ ನಾನು ಅದನ್ನು ಒಂದು ಸಲವೂ ಮಾಡಲಿಲ್ಲ. ಗೊತ್ತಿರಲಿಲ್ಲ ಎಂದಲ್ಲ. ಶೆಡ್ಡಿನಲ್ಲಿ ಮತ್ತೆ ನಗುತ್ತಾರೆ ಎಂದು. ಎಷ್ಟು ಶಾಫ್ಟುಗಳನ್ನು ಗುಜರಿಗೆ ಹಾಕಿಸಿದೆನೋ, ಅಪ್ಪನ ಹೆಸರು ಹೇಳಲು ನಾಚಿಕೊಂಡು.

ವಾಪಸು ಬಂದು, "ಜೇನುಮೇಣ ಬೇಕಲ್ಲ," ಎಂದೆ. ರತ್ನಮ್ಮ ಕೈ ತೊಳೆದು ಒಳಗೆ ಹೋಗಿ ತನ್ನ ಕುಂಕುಮದ ಭರಣಿಯ ಜೊತೆಗಿರುವ ಮೇಣದ ಡಬ್ಬಿ ತಂದಳು. ಹಣೆಗೆ ಮೊದಲು ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುವುದು ಅವಳ ತಾಯಿಯ ಕಾಲದ ಅಭ್ಯಾಸ, ಅದನ್ನು ಅವಳು ಬಿಟ್ಟಿಲ್ಲ. ನೆಲ್ಲಿಕಾಯಿ ಗಾತ್ರದ ಉಂಡೆ ಇತ್ತು. "ಎಲ್ಲಾ ತಗೊಳಿ, ನಂಗೆ ಆಮ್ಯಾಕೆ ತಂದ್ಕೊಡಿ," ಎಂದಳು.

ಭಾನುವಾರ ಬೆಳಿಗ್ಗೆ ಮೊದಲು ಶಾಫ್ಟಿನ ಡೀಸೆಲ್ಲನ್ನೆಲ್ಲ ತೊಳೆದು ಬಿಸಿಲಿನಲ್ಲಿ ಒಣಗಿಸಿದೆ. ಡೀಸೆಲ್ ಇದ್ದ ಕಡೆ ಬೆಂಕಿ ತರಬಾರದು. ಗ್ರೀಸಿನ ಮೂತಿ ಬಿಚ್ಚಿಟ್ಟೆ, ಒಳಗಿನ ಆವಿಗೆ ದಾರಿ ಬೇಕು, ಇಲ್ಲದಿದ್ದರೆ ಸಿಡಿಯುತ್ತದೆ. ಇವೆರಡನ್ನು ಮರೆತವರು ಈ ಕೆಲಸ ಮಾಡಬೇಡಿ. ಬೀಸಣಿಗೆ ಯಂತ್ರದ ಗೋಣಿ ಬಿಚ್ಚಿದೆ. ಅದು ತನ್ನ ಮಾವನವರ ಹೊಣಕೆರೆ ಕುಲುಮೆಯದು ಎಂದು ರತ್ನಮ್ಮ ಸಾವಿತ್ರಿಗೆ ಹೇಳಿದಳು. ನೆಲದಲ್ಲಿ ಗುಂಡಿ ತೋಡಿ ತೆಂಗಿನ ಕರಟದ ಇದ್ದಿಲು ಹಾಕಿದೆ. ಸಾವಿತ್ರಿ ಯಂತ್ರ ತಿರುಗಿಸಿದಳು, ಬೆಂಕಿ ಉಸಿರಾಡತೊಡಗಿತು. ಆ ಶಬ್ದ ಕೇಳಿ ಎಷ್ಟು ವರ್ಷವಾಗಿತ್ತು.

ತೋಳಿನ ಭಾಗವನ್ನು ಮಾತ್ರ ಉರುಳಿಸುತ್ತ ಉರುಳಿಸುತ್ತ ಕಾಯಿಸಿದೆ. ಒಳಗಿನ ದಂಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದೆ. ಕೆಂಪಗೆ ಕಾಯಬಾರದು, ಉಕ್ಕಿನ ಹದ ಹೋಗುತ್ತದೆ. ಅಪ್ಪ ಹುಲ್ಲುಕಡ್ಡಿ ಮುಟ್ಟಿಸಿ ನೋಡುತ್ತಿದ್ದರು. ಕಡ್ಡಿ ಕಂದುಬಣ್ಣಕ್ಕೆ ತಿರುಗಿದರೆ ಸಾಕು, ಹೊಗೆ ಬಂದರೆ ಹೆಚ್ಚಾಯಿತು. ಕಡ್ಡಿ ಕಂದಿತು. ಸಂದಿಗೆ ಮೇಣ ಮುಟ್ಟಿಸಿದೆ. ಒಂದು ಗಳಿಗೆ ಅದು ಮೇಲೇ ನಿಂತು ಮಿನುಗಿತು. ಆಮೇಲೆ ಬಾಯಾರಿದವರು ಕುಡಿದ ಹಾಗೆ ಒಳಕ್ಕೆ ಹೋಯಿತು.

"ಓಯ್ತು ಕಣ್ರೀ, ಒಳೀಕೆ ಓಯ್ತು," ಎಂದಳು ಸಾವಿತ್ರಿ.

ಆರಿಸಿದೆ, ಕಾಯಿಸಿದೆ, ಮೇಣ ಕೊಟ್ಟೆ. ಹೀಗೆ ನಾಲ್ಕು ಸಲ. ಪ್ರತಿ ಸಲವೂ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಕೇಳಿದೆ. ಮೊದಲ ಮೂರು ಸಲ ಗಂಟೆಯ ಹಾಗೆ ಒಂದೇ ದನಿ. ನಾಲ್ಕನೆಯ ಸಲ ದನಿ ಒಡೆದು ಎರಡಾಗಿತ್ತು. ಅಂದರೆ ಎರಡೂ ತುಂಡು ಬೇರೆ ಬೇರೆ ಮಾತನಾಡತೊಡಗಿದ್ದವು. ಸಮಯ ನೋಡಿದರೆ ಮೂರು ಗಂಟೆ.

ಪೂರ್ತಿ ಆರಿದ ಮೇಲೆ ಹೊಸ ಮೂತಿ ಕೂರಿಸಿ ಗ್ರೀಸ್ ಗನ್ ಹಚ್ಚಿದೆ. ಇದು ಅಪ್ಪನದಲ್ಲ, ಖಾದರ್ ಸಾಬರ ವಿದ್ಯೆ. ತುದಿಯ ತೂತನ್ನು ಮುಚ್ಚಿ ಒಳಗೆ ಗ್ರೀಸು ಒತ್ತುತ್ತ ಹೋದರೆ ಅದು ಹೋಗಲು ಜಾಗವಿಲ್ಲದೆ ದಂಡವನ್ನೇ ಹೊರಕ್ಕೆ ನೂಕುತ್ತದೆ. ಸಾವಿತ್ರಿ ಒತ್ತಿದಳು. ನಾನು ದಂಡದ ಮೇಲೆ ಉಗುರಿನಲ್ಲಿ ಒಂದು ಗೆರೆ ಎಳೆದು ಅದನ್ನೇ ನೋಡುತ್ತ ಕೂತೆ. ಗೆರೆ ಕೂದಲೆಳೆಯಷ್ಟು ಸರಿಯಿತು. ಇನ್ನೂ ಒತ್ತಿದಳು. ಬೆರಳಗಲ ಬಂತು. ಆಮೇಲೆ ಒಮ್ಮೆಲೇ ಮೆತ್ತಗಾಗಿ ಇಡೀ ದಂಡ ನನ್ನ ತೊಡೆಯ ಮೇಲೆ ಬಂದು ಮಲಗಿತು, ಮೈತುಂಬ ಕಪ್ಪು ಗ್ರೀಸು, ತುಕ್ಕು, ಮೇಣ. ಹಲ್ಲುಗಳೆಲ್ಲ ನೆಟ್ಟಗಿದ್ದವು. ನಾನು ಅಪ್ಪನನ್ನು ನೆನೆದು ಅತ್ತೆ.

ದಂಡದ ಹಲ್ಲು ಉಜ್ಜಿ, ಗ್ರೀಸು ತುಂಬಿ, ಗುರುತಿಗೆ ಗುರುತು ಕೂರಿಸಿ, ಹೊಸ ಕ್ರಾಸು ಹಾಕಿ, ಶಾಫ್ಟು ಕಟ್ಟುವಷ್ಟರಲ್ಲಿ ಐದೂವರೆ ದಾಟಿತ್ತು. ಹಲಗೆಯ ತೂತಿಗೆ ಒಂದು ರಬ್ಬರು ಕೊಳವೆ ಸಿಕ್ಕಿಸಿ, ನೀರು ಪಕ್ಕಕ್ಕೆ ಹೋಗುವ ಹಾಗೆ ಮಾಡಿದೆ. ಸಂಜೆಯ ಹಾಲು ಎತ್ತುವುದು ಐದಕ್ಕೆ ಶುರು. ಸಾವಿತ್ರಿ ಕಾರ್ಯದರ್ಶಿಗೆ ಫೋನು ಮಾಡಿದಳು, ಅವನು ಎತ್ತಲಿಲ್ಲ. ಗಾಡಿ ಹತ್ತಿದಳು. ಪರೀಕ್ಷೆ ಮಾಡಬೇಕು ಎಂಬ ನೆವ ಹೇಳಿ ನಾನೂ ಹತ್ತಿದೆ.

ಮೊದಲ ಕೊಪ್ಪಲು. ಕ್ಯಾನುಗಳನ್ನಿಡುವ ಜಗಲಿಯ ಮೇಲೆ ಒದ್ದೆ ಗುರುತು ಮಾತ್ರ ಇತ್ತು. ಬೇರೆಯವನ ಗಾಡಿ ಬಂದು ಎತ್ತಿಕೊಂಡು ಹೋಗಿತ್ತು. ಸಾವಿತ್ರಿ ಗೇರು ಹಾಕಿದಳು. ಗಾಡಿ ಒಂದು ಚೂರೂ ಶಬ್ದವಿಲ್ಲದೆ ಹೊರಟಿತು, ಅದರಿಂದ ನನಗೆ ಯಾವ ಸಂತೋಷವೂ ಆಗಲಿಲ್ಲ. ಎರಡನೆಯ ಕೊಪ್ಪಲು, ಅಲ್ಲೂ ಖಾಲಿ. ಮೂರನೆಯದರಲ್ಲಿ ಒಬ್ಬ ಮುದುಕ ಜಗಲಿ ತೊಳೆಯುತ್ತಿದ್ದ. "ಈಗ್ ತಾನೆ ಓಯ್ತು ಕಣವ್ವ," ಎಂದ. ಸಾವಿತ್ರಿಯ ಕೈ ಸ್ಟಿಯರಿಂಗಿನ ಮೇಲೆ ಬಿಗಿಯಾಯಿತು. ಒಂದು ಸರಪಳಿ ಹರಿಯಿತು, ಒಂದು ದಿನ ಹೋಯಿತು, ನಾನು ಸುತ್ತಿಗೆ ಎತ್ತುವ ಬದಲು ಶುಕ್ರವಾರವೇ ಅಪ್ಪನನ್ನು ನೆನೆದಿದ್ದರೆ ಎಂದು ನನ್ನನ್ನೇ ಬೈದುಕೊಂಡೆ.

"ವಾಪಸ್ ಓಗನಾ?" ಎಂದೆ.

"ಆಲಿನ್ ಗಾಡಿ ಅರ್ಧ ದಾರೀಲಿ ತಿರುಗ್ಸಾಕಿಲ್ಲ ಆಚಾರ್ರೆ," ಎಂದಳು.

ನಾಲ್ಕನೆಯ ಕೊಪ್ಪಲಿನಲ್ಲಿ ಆ ಗಾಡಿ ನಿಂತಿತ್ತು. ಸುತ್ತ ಹತ್ತು ಹದಿನೈದು ಹೆಂಗಸರು. ಡ್ರೈವರು ಕೆಳಗಿಳಿದು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ. ಜಗಲಿಯ ಮೇಲೆ ಸಾಲಾಗಿ ಕ್ಯಾನುಗಳು, ಒಂದೂ ಗಾಡಿಗೆ ಏರಿರಲಿಲ್ಲ. ಯಾಕೆಂದರೆ ಮೆಟ್ಟಿಲಿನ ಬಾಯಿಗೆ ಇಟ್ಟಿದ್ದ ಮೊದಲನೆಯ ಕ್ಯಾನಿನ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ಅವಳನ್ನು ದಾಟಿ ಹಿಂದಿನವನ್ನು ತೆಗೆಯುವಂತಿರಲಿಲ್ಲ.

"ಅಜ್ಜಿ, ಏಳಜ್ಜಿ, ಒತ್ತಾಯ್ತು, ಆಲು ಒಡೀತದೆ," ಎನ್ನುತ್ತಿದ್ದ ಡ್ರೈವರು.

"ಭಾನ್ವಾರ ಸಂದೆಗೆ ಬತ್ತೀನಿ ಅಂದವ್ಳೆ ನಮ್ ಸಾವಿತ್ರಿ. ಸಂದೆ ಇನ್ನೂ ಮುಗುದಿಲ್ಲ. ಕತ್ತಲಾಗ್ಲಿ, ಆಗ್ ಏಳ್ತೀನಿ," ಎಂದಳು ಅಜ್ಜಿ.

ಆಗ ನಮ್ಮ ಗಾಡಿ ಹೋಗಿ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಸಾವಿತ್ರಿ ಇಳಿದಳು, ಆದರೆ ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತಳು. ಡ್ರೈವರು ಅವಳನ್ನೂ ಗಾಡಿಯನ್ನೂ ನೋಡಿ ಉಸಿರು ಬಿಟ್ಟ.

"ಬಾರವ್ವ, ಬಾ. ಮುಂದಿನ್ ಊರೂ ನೀನೇ ಎತ್ಕ. ಮೂರ್ ಊರಿಂದು ನನ್ ಗಾಡೀಲದೆ, ಇವತ್ ನಾನೇ ಮುಟ್ಟುಸ್ತೀನಿ. ಗಾಡಿ ಬಂತು ಅಂತ ಸೆಕ್ರೆಟ್ರಿಗೆ ನಾನೇ ಯೋಳ್ತೀನಿ. ಈ ಅಜ್ಜಿ ಜತೆ ದಿನಾ ಎರಡೊತ್ತು ಏಗಾಕೆ ನನ್ ಕೈಲಾಗಲ್ಲ."

ಹೆಂಗಸರು ನಕ್ಕರು. ಸಾವಿತ್ರಿ ಅಜ್ಜಿಯ ಹತ್ತಿರ ಹೋಗಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. "ಎಷ್ಟೊತ್ತಿಂದ ಕುಂತಿದ್ದೀಯಜ್ಜಿ?" ಎಂದಳು.

"ಆಲ್ ಕರ್ದು ತಂದಾಗ್ಲಿಂದ. ಈಗ್ ಮಂಡಿ ಇಡ್ಕಂಡ್ಬುಟ್ಟದೆ ಕಣ್ಮಗ, ಏಳಕಾಯ್ತಿಲ್ಲ. ನೀನೇ ಎಬ್ಬುಸು," ಎಂದಳು ಅಜ್ಜಿ. ಆಮೇಲೆ ನನ್ನನ್ನು ನೋಡಿ, "ಇವ್ರ್ಯಾರು?" ಎಂದು ಕೇಳಿದಳು.

"ಗಾಡಿ ಮಾಡ್ಕೊಟ್ಟೋರು. ಹೊಣಕೆರೆ ಕಮ್ಮಾರ್ರ ಮಗ," ಎಂದಳು ಸಾವಿತ್ರಿ.

ನಾನು ಹೌದು ಎಂದೆ. ಸಾವಿತ್ರಿ ಒಂದು ತೋಳು ಹಿಡಿದಳು, ನಾನು ಇನ್ನೊಂದು ತೋಳು ಹಿಡಿದೆ. ಅವಸರ ಮಾಡದೆ ಅಜ್ಜಿಯನ್ನು ನಿಧಾನವಾಗಿ ಎಬ್ಬಿಸಿ ನಿಲ್ಲಿಸಿ, ಅವಳು ಕೂತಿದ್ದ ಕ್ಯಾನನ್ನು ಇಬ್ಬರೂ ಸೇರಿ ಗಾಡಿಗೆ ಎತ್ತಿದೆವು. ಅದು ಕಂಠದವರೆಗೂ ತುಂಬಿತ್ತು.